ಒಣಗುವ ಮುನ್ನ

ಮಟ್ಟೆ ಬಿರಿಯುವ ಸದ್ದು, ಸ್ವಲ್ಪ ಬಿಡುವು, ಮತ್ತೆ ಅದೇ ಸದ್ದು — ಸಣ್ಣತಿಮ್ಮಯ್ಯ ಬಂದೇಬಿಟ್ಟ, ಅಂಗಳದಲ್ಲಿ ಹಾರೆ ನೆಟ್ಟು ತೆಂಗಿನಕಾಯಿ ಸುಲಿಯಲು ನಿಂತಿದ್ದಾನೆ, ಅಟ್ಟದ ಕಾಯಿ ಇಳಿಸುವುದು ಇವತ್ತೇ ಆಗಬೇಕಿತ್ತೇ, ನಿನ್ನೆ ಇರಲಿಲ್ಲವೇ, ನಾಳೆ ಬರುತ್ತಿರಲಿಲ್ಲವೇ, ಬಾಗಿಲಿಗೆ ಚಿಲಕ ಹಾಕಿದೆನಲ್ಲ, ಹಾಕಿದ್ದೇನೆ, ಹಂಡೆಯ ಒಲೆಯಲ್ಲಿ ಒಣಮಟ್ಟೆ ಉರಿಯುತ್ತಿದೆ, ಹೊಗೆ ಕಣ್ಣಿಗೆ ಬರುತ್ತಿದೆ, ಬಚ್ಚಲುಮನೆಯ ಸೋಪಿನ ಗೂಡಿನಲ್ಲಿ ಸೋಪನ್ನು ಪಕ್ಕಕ್ಕೆ ತಳ್ಳಿ ಆ ಬಿಳಿ ಪ್ಲಾಸ್ಟಿಕ್ ತುಂಡನ್ನು ಮಟ್ಟಸವಾಗಿ ಇಟ್ಟಿದ್ದೇನೆ, ಬೆಳಗಿನ ಮೊದಲ ಮೂತ್ರ, ಹೇಳಿದಷ್ಟೇ ಹನಿ, ಅದರ ಪುಟ್ಟ ಕಿಟಕಿಯೊಳಗೆ ನಸುಗೆಂಪು ಒದ್ದೆ ಮೆಲ್ಲಗೆ ಏರುತ್ತಿದೆ, ಐದು ನಿಮಿಷಕ್ಕೆ ಅಲಾರಂ ಇಟ್ಟು ಫೋನನ್ನು ಬೋರಲು ಮಲಗಿಸಿದ್ದೇನೆ, ನೋಡುತ್ತ ಕೂತರೆ ನಿಮಿಷ ಮುಂದೆ ಹೋಗುವುದಿಲ್ಲ. ಡಬ್ಬಿಯ ಮೇಲೆ ಒಬ್ಬಳು ಮಗು ಎತ್ತಿಕೊಂಡು ನಗುತ್ತಾಳೆ, ಅಷ್ಟೂ ಹಲ್ಲು ಕಾಣುವ ಹಾಗೆ, ನಗಲಿ ಪಾಪ, ಅವಳ ಕೆಲಸವೇ ಅದು. ತವರಿಗೆ ಹೋಗುವ ನೆಪ ಮಾಡಿ ಚಿಕ್ಕನಾಯಕನಹಳ್ಳಿಯಲ್ಲಿ ತಂದದ್ದು ಇದನ್ನು, ಯಾಕೆಂದರೆ ತಿಪಟೂರಿನಲ್ಲಿ ಹೋದ ಸಲ ಮೆಡಿಕಲ್ ಸ್ಟೋರಿನವನು ನನಗೆ ಕೊಟ್ಟ ಎರಡೇ ದಿನಕ್ಕೆ ಕೊಬ್ಬರಿ ಹರಾಜಿನಲ್ಲಿ ನನ್ನ ಗಂಡನನ್ನು ಹಿಡಿದು, ಏನ್ ದಯಾನಂದಣ್ಣ, ಸಿಹಿ ಯಾವಾಗ, ಅಂದನಂತೆ. ಇವರು ಕಿವಿಯವರೆಗೂ ಕೆಂಪಾಗಿ ಬಂದಿದ್ದರು. ಮದುವೆಯಾಗಿ ಏಳು ವರ್ಷ, ಮಗುವಿನ ವಿಷಯಕ್ಕೆ ಒಂದು ದಿನವೂ ನನ್ನನ್ನು ಒಂದು ಮಾತು ಅಂದವರಲ್ಲ, ಅಂದಿದ್ದರೆ ತಿರುಗಿ ಜಗಳವಾದರೂ ಆಡಬಹುದಿತ್ತು.

ಹೋದ ಸಲ ನನಗೇನೂ ಗೊತ್ತಿರಲಿಲ್ಲ, ಗೊತ್ತಿದ್ದದ್ದೆಲ್ಲ ಕೊಬ್ಬರಿಯ ವಿಚಾರವೇ. ಮುಟ್ಟಿನ ದಿನ ಇನ್ನೂ ಬಂದೇ ಇರಲಿಲ್ಲ, ತಡೆಯಲಾರದೆ ಒಂದು ಮಧ್ಯಾಹ್ನ ಎರಡು ಚೊಂಬು ನೀರು ಕುಡಿದು ಇದೇ ಬಚ್ಚಲಲ್ಲಿ ನೋಡಿಬಿಟ್ಟೆ, ಒಂದು ಗೆರೆ, ಪಕ್ಕದಲ್ಲಿ ಬಿಳಿ. ಒಂದು ಅಂದರೆ ಇಲ್ಲ, ಎರಡು ಅಂದರೆ ಇದೆ, ಅಷ್ಟೇ ಓದಿಕೊಂಡಿದ್ದೆ, ಚೀಟಿಯ ಉಳಿದ ಸಾಲುಗಳು ಇರುವೆ ಹರಿದ ಹಾಗಿದ್ದವು, ಯಾರು ಓದುತ್ತಾರೆ. ಎಸೆಯಲು ಕೈ ಬರಲಿಲ್ಲ. ಬೇಗ ನೋಡಿಬಿಟ್ಟೆನೇನೋ, ಇನ್ನೂ ಹಸಿ ಇದೆ, ಹೊತ್ತು ಕೊಡಬೇಕೇನೋ — ಹುಟ್ಟಿದಾಗಿನಿಂದ ಕೇಳಿಸಿಕೊಂಡದ್ದು ಅದೇ ತಾನೆ, ಅಪ್ಪನ ಮನೆಯಲ್ಲೂ, ಹೊನ್ನವಳ್ಳಿಯ ಈ ಮನೆಯಲ್ಲೂ, ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ಅವಸರ ಮಾಡಬಾರದು, ವರ್ಷ ಹಿಡಿದರೆ ಹಿಡಿಯಲಿ, ಒಳಗಿನ ನೀರೆಲ್ಲ ಹಿಂಗಬೇಕು, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು, ಆಮೇಲೆ ಒಡೆಯಬೇಕು, ಹಸಿಯಾಗಿದ್ದಾಗ ಒಡೆದರೆ ಕೊಬ್ಬರಿ ಇಡಿಯಾಗಿ ಕೈಗೆ ಬರುವುದಿಲ್ಲ, ಎಲ್ಲ ಖಾತ್ರಿಯೂ ಒಣಗಿದ ಮೇಲೆಯೇ. ಹಾಗಂದುಕೊಂಡು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಟ್ಟಕ್ಕೆ ಹತ್ತಿದೆ, ಎರಡು ಕಾಯಿಗಳ ಸಂದಿಯಲ್ಲಿ ಇಟ್ಟೆ, ಇಳಿದು ಬಂದು ಸೊಪ್ಪು ಬಿಡಿಸಿದೆ, ಮುದ್ದೆ ಕೂಡಿಸಿದೆ, ದನಕ್ಕೆ ನೀರಿಟ್ಟೆ, ಸಂಜೆ ದೀಪ ಹಚ್ಚುವ ಮುಂಚೆ ಮತ್ತೆ ಹತ್ತಿದೆ. ಎರಡನೆಯ ಗೆರೆ ಬಂದಿತ್ತು. ಬಣ್ಣವಿಲ್ಲ, ಒದ್ದೆ ಬೆರಳು ಒರೆಸಿದಷ್ಟು ಮಾಸಲು, ಆದರೂ ಬಂದಿತ್ತು, ಬಿಳಿ ಇದ್ದಲ್ಲಿ ಗೆರೆ ಇತ್ತು.

ನಾನು ಮೊದಲು ಹೇಳಿದ್ದು ಇವರಿಗಲ್ಲ, ಅತ್ತೆಗೆ. ಗುರುಸಿದ್ದಮ್ಮ ಅಂದರೆ ಊರೆಲ್ಲ ಹೆದರುವ ಬಾಯಿ, ಕಾಯಿ ಎಣಿಸಲು ಬಂದ ವ್ಯಾಪಾರಿಗಳು ಅತ್ತೆ ಜಗಲಿಯಲ್ಲಿ ಕೂತಿದ್ದರೆ ಬೀಡಿ ಆರಿಸಿಬಿಡುತ್ತಾರೆ, ಆ ಬಾಯಿ ಅವತ್ತು ತೆರೆದುಕೊಂಡು ಹಾಗೇ ನಿಂತಿತು. ಕನ್ನಡಕ ತರಿಸಿಕೊಂಡು ನೋಡಿದರು, ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದು ನೋಡಿದರು, ಐತೆ ಕಣೇ, ಎಲ್ಡು ಐತೆ, ಅಂದರು, ಆಮೇಲೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು — ಛೀ ಅತ್ತೆ, ಅದು ಮೂತ್ರದ್ದು, ಅಂದೆ. ನಿಂದು ತಾನೆ, ಬುಡು, ಅಂದರು. ಮಾರನೆಯ ದಿನವೇ ನನಗೆ ಅಟ್ಟ ಬಂದ್, ನೀರಿನ ಕೊಡ ಬಂದ್, ಸ್ಕೂಟರ್ ಬಂದ್. ಸಣ್ಣತಿಮ್ಮಯ್ಯನನ್ನು ಕರೆಸಿ ಅಟ್ಟದ ಮೂಲೆಗೆ ಒಳ್ಳೆಯ ಕಾಯಿಗಳನ್ನಷ್ಟೇ ಆರಿಸಿ ಬೇರೆ ಗುಡ್ಡೆ ಹಾಕಿಸಿದರು, ಏಣಿಯ ಕೆಳಗೆ ನಿಂತು ಒಂದೊಂದನ್ನೂ ತಾವೇ ತಟ್ಟಿ ನೋಡಿ ಮೇಲಕ್ಕೆ ಕೊಟ್ಟರು. ಆ ಮೂಲೇದು ಯಾರೂ ಮುಟ್ಟಂಗಿಲ್ಲ ಕಣ್ಲಾ, ಬಾಣ್ತಿ ಅಂಟಿನುಂಡೆಗೆ ಅದು, ಅಂಗಡಿ ಕೊಬ್ರಿ ಹಾಕಿ ನನ್ ಸೊಸೆಗೆ ಉಂಡೆ ಕಟ್ತೀನಾ. ನಾನು ಕೆಳಗೆ ಕೂತು ನಗುತ್ತಿದ್ದೆ, ಹೆರಿಗೆ ಎಲ್ಲಿ, ಬಾಣಂತನ ಎಲ್ಲಿ, ಆಗಲೇ ಉಂಡೆಯ ಲೆಕ್ಕ, ಆದರೂ ನನ್ನ ಕೈ ಹೊಟ್ಟೆಯ ಮೇಲೇ ಇತ್ತು, ಹೊಟ್ಟೆಯೊಳಗೆ ಇರುವುದಕ್ಕೆ ಆ ಕಾಯಿಗಳು ಉರುಳುವ ಸದ್ದು ಕೇಳಿಸುತ್ತಿರಬಹುದು ಅಂದುಕೊಂಡಿದ್ದೆ, ಎಂಥ ದಡ್ಡಿ, ಎಷ್ಟು ಸುಖವಾಗಿದ್ದೆ ಆವತ್ತು.

ಮುಟ್ಟಿನ ದಿನ ದಾಟಿತು, ಇನ್ನೇನು ಖಾತ್ರಿಯೇ ಆಯಿತು ಅಂದುಕೊಂಡೆವು, ಒಂದು ಬೆಳಿಗ್ಗೆ ಇದೇ ಬಚ್ಚಲಲ್ಲಿ, ಇದೇ ಕಲ್ಲಿನ ಮೇಲೆ, ರಕ್ತ. ಇವರು ತಿಪಟೂರಿಗೆ ಕರೆದುಕೊಂಡು ಓಡಿದರು, ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು, ರಕ್ತ ತೆಗೆಸಿದರು, ಆಮೇಲೆ ಕೇಳಿದರು, ಗೆರೆ ಬಂದದ್ದು ಎಷ್ಟು ಹೊತ್ತಿಗೆ ನೋಡಿದಿರಿ. ಸಂಜೆ, ಅಂದೆ. ಟೆಸ್ಟ್ ಮಾಡಿದ್ದು? ಮಧ್ಯಾಹ್ನ. ಅವರು ಪೆನ್ನು ಕೆಳಗಿಟ್ಟರು. ನೋಡಮ್ಮ ಜೀವಿತಾ, ಬೇಗ ಮಾಡಿದರೆ ಇಲ್ಲ ಅನ್ನೋದನ್ನ ನಂಬೋಕಾಗಲ್ಲ, ತಡವಾಗಿ ನೋಡಿದರೆ ಇದೆ ಅನ್ನೋದನ್ನ ನಂಬೋಕಾಗಲ್ಲ, ನೀವು ಎರಡನ್ನೂ ಮಾಡಿದೀರಿ, ಒಣಗಿದ ಮೇಲೆ ಬರೋದು ಗೆರೆಯಲ್ಲ, ಒಣಗಿದ ಗುರುತು ಅಷ್ಟೆ, ಮುಂದಿನ ಸಲ ಮುಟ್ಟು ತಪ್ಪಿ ಒಂದು ವಾರ ಆಗಲಿ, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ, ಡಬ್ಬಿ ಮೇಲೆ ಹೇಳಿದ ಹೊತ್ತಿಗೆ ನೋಡಿ, ನೋಡಿದ ತಕ್ಷಣ ಎಸೆದುಬಿಡಿ. ಹಾಗಾದರೆ ಈಗ ಹೋದದ್ದು, ಅಂದೆ. ಏನೂ ಹೋಗಿಲ್ಲಮ್ಮ, ಇರಲೇ ಇಲ್ಲ. ಅವರು ಸಮಾಧಾನಕ್ಕೆಂದೇ ಅಂದದ್ದು, ನನಗೆ ಗೊತ್ತು, ಆದರೆ ಹೋಯಿತು ಅಂದಿದ್ದರೆ ಅಳಬಹುದಿತ್ತು, ಇರಲೇ ಇಲ್ಲದ್ದಕ್ಕೆ ಹೇಗೆ ಅಳುವುದು, ಯಾರ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಇವರು ಎಳನೀರು ಕೊಡಿಸಿದರು, ಕುಡಿ, ಇರ್ಲಿ ಬುಡು ಕಣೇ, ಅಂದು ಆ ಕಡೆ ತಿರುಗಿಕೊಂಡರು, ಬೋರ್ಡ್ ಓದುವವರ ಹಾಗೆ ನಿಂತೇ ಇದ್ದರು, ಕೆಂಕೆರೆಗೆ ಹೋಗುವ ಬಸ್ಸಿನ ಬೋರ್ಡು, ಅದರಲ್ಲಿ ಓದುವುದು ಏನಿತ್ತು. ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ, ಒಂದಕ್ಷರ ಬಿಡದೆ. ಅತ್ತೆ ಕೇಳಿದರು, ಕೇಳಿ ಎದ್ದರು, ಯಾವಳವಳು, ನಾನು ಕಣ್ಣಾರೆ ನೋಡಿದೀನಿ, ಎಲ್ಡು ಗೆರೆ ಇತ್ತು, ಬಂದಿತ್ತು ಕಣವ್ವ, ನಿಲ್ನಿಲ್ಲ ಅಷ್ಟೆಯ. ಆ ಪ್ಲಾಸ್ಟಿಕ್ ತುಂಡು ವಿಭೂತಿ ಗೂಡಿನಲ್ಲಿ, ಸ್ವಾಮಿಗಳ ಪಟದ ಹಿಂದೆ ಈಗಲೂ ಇದೆ, ದಿನಾ ದೀಪ ಹಚ್ಚುವಾಗ ನನಗೆ ಅದರ ತುದಿ ಕಾಣುತ್ತದೆ, ಆ ಗೆರೆ ಮಾಸಿಯೇ ಇಲ್ಲ, ಸುಳ್ಳು ಗೆರೆ ಅದು, ಎಷ್ಟು ಗಟ್ಟಿ. ಅತ್ತೆ ಹೋದದ್ದಕ್ಕೆ ಅಳುತ್ತಾರೆ, ನಾನು ಇರಲೇ ಇಲ್ಲದ್ದನ್ನು ನುಂಗಿಕೊಂಡಿದ್ದೇನೆ, ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಕೆಲವು ಸಲ ಅತ್ತೆಯ ಮೇಲೆ ಹೊಟ್ಟೆಕಿಚ್ಚಾಗುತ್ತದೆ, ಅವರಿಗಾದರೂ ಒಂದು ಮೊಮ್ಮಗು ಇತ್ತು.

ಈ ಸಲ ನಾನು ತಪ್ಪು ಮಾಡಿಲ್ಲ. ವಾರ ಅಂದರು, ವಾರದ ಮೇಲೂ ಕಾದೆ, ಬೇಕಂತಲೇ ಕಾದೆ, ಎದೆ ಭಾರ ಅನ್ನಿಸಿದರೂ ಕಾದೆ, ಒಗ್ಗರಣೆಯ ವಾಸನೆಗೆ ಒಂದು ದಿನ ಹೊಟ್ಟೆ ತೊಳಸಿತು, ಆಗಲೂ ಯಾರಿಗೂ ಹೇಳಲಿಲ್ಲ, ಅತ್ತೆ ಸಾರಿನ ಪಾತ್ರೆಯನ್ನು ಸುಮ್ಮನೆ ನನ್ನ ಕೈಯಿಂದ ತೆಗೆದುಕೊಂಡರು, ನನ್ನ ಮುಖ ನೋಡಲಿಲ್ಲ, ನಾನೂ ಅವರದನ್ನು ನೋಡಲಿಲ್ಲ. ಅವರಿಗೆ ಗೊತ್ತು. ತಿಂಗಳಲ್ಲಿ ಯಾವ ದಿನ ನಾನು ತಲೆಗೆ ಸ್ನಾನ ಮಾಡುತ್ತೇನೆ ಅನ್ನುವುದು ಅವರಿಗೆ ಕ್ಯಾಲೆಂಡರಿಗಿಂತ ಚೆನ್ನಾಗಿ ಗೊತ್ತು. ಇವತ್ತು ಇಷ್ಟು ಬೇಗ ಹಂಡೆಗೆ ಉರಿ ಹಾಕಿದವರು ಅವರೇ, ಯಾಕೆ ಅಂತ ನಾನು ಕೇಳಲಿಲ್ಲ. ಹೊರಗೆ ಸುಲಿಯುವುದು ನಿಂತಿದೆ. ಅವ್ವಾ — ಸಣ್ಣತಿಮ್ಮಯ್ಯ — ಮೂಲೇದೂ ಇಳಿಸ್ಬುಡ್ಲಾ, ಎಲ್ಲಾ ಹದಕ್ಕೆ ಬಂದೈತೆ, ಇನ್ನೂ ಬಿಟ್ರೆ ಎಣ್ಣೆ ವಾಸ್ನೆ ಬತ್ತದೆ. ಮತ್ತೆ ಅವನೇ, ಅವ್ವಾ, ವ್ಯಾನು ಬತ್ತದೆ, ಬೇಗ ಹೇಳಿ. ಈಗ ಅತ್ತೆ, ಮೆಲ್ಲಗೆ, ಅವರ ಗಂಟಲು ಅಷ್ಟು ಮೆಲ್ಲಗಾಗುವುದನ್ನು ನಾನು ಕೇಳಿಯೇ ಇರಲಿಲ್ಲ, ಇರ್ಲಾ, ಜೀವಿ ಬರ್ಲಿ. ಯಾಕೆ ನಾನು ಬರಬೇಕು, ಕಾಯಿ ನಿಮ್ಮದು, ಅಟ್ಟ ನಿಮ್ಮದು, ನನ್ನ ಬಾಯಿಂದಲೇ ಯಾಕೆ — ಒಂದು ಕಾಯಿಯನ್ನು ಯಾರೋ ಅಲ್ಲಾಡಿಸುತ್ತಿದ್ದಾರೆ, ಲೊಟಲೊಟ, ಅತ್ತೆಯೇ ಇರಬೇಕು, ಕಿವಿಯ ಹತ್ತಿರ ಹಿಡಿದುಕೊಂಡಿರಬೇಕು, ಲೊಟಲೊಟ, ಒಳಗಿರುವುದು ಇದ್ದೇನೆ ಅನ್ನುತ್ತದೆ, ಕಾಯಿಗಾದರೆ ಎಷ್ಟು ಸುಲಭ. ದೇವರೇ, ಮಗು ಬೇಕು ನನಗೆ, ಅತ್ತೆಗೋಸ್ಕರ ಅಲ್ಲ, ಇವರಿಗೋಸ್ಕರವೂ ಅಲ್ಲ, ನನಗೆ ಬೇಕು.

ಫೋನು ಕೂಗಿತು. ಕೂಗಲಿ, ಇಲ್ಲ, ಆರಿಸಿದೆ. ಈಗ ನೋಡಬೇಕು, ಈಗಲೇ, ಮೊದಲೂ ಅಲ್ಲ ಆಮೇಲೂ ಅಲ್ಲ, ಗೂಡಿನಿಂದ ಕೈಗೆ ತೆಗೆದುಕೊಂಡೆ, ಇನ್ನೂ ಒದ್ದೆ ಹೊಳೆಯುತ್ತಿದೆ, ಕಿಟಕಿಯ ಬೆಳಕಿಗೆ ಹಿಡಿದೆ, ಸಿ ಅನ್ನುವ ಅಕ್ಷರದ ಎದುರು ಗೆರೆ, ಚೆನ್ನಾಗಿದೆ, ಕುಂಕುಮದ ಹಾಗೆ ಎದ್ದು ಕಾಣುತ್ತಿದೆ, ಟಿ ಅನ್ನುವುದರ ಎದುರು — ಹೊಗೆ, ಕಣ್ಣೊರೆಸಿಕೊಂಡೆ — ಬಿಳಿ. ಓರೆ ಮಾಡಿ ನೋಡಿದೆ, ಬಿಳಿ. ಬೇಗ ನೋಡಿಲ್ಲ, ದಿನ ತುಂಬಿದೆ, ನೀರು ಕುಡಿದಿಲ್ಲ, ಮೊದಲ ಮೂತ್ರ, ಹೇಳಿದ ಹೊತ್ತು, ಇದನ್ನು ನಂಬಬೇಕು, ನಂಬುವ ಹಾಗೆ ಮಾಡಿಕೊಂಡವಳು ನಾನೇ, ಒಂದು ತಪ್ಪಾದರೂ ಮಾಡಿದ್ದರೆ ಈಗ ಅದರ ಮೇಲೆ ಹಾಕಬಹುದಿತ್ತು, ಏನೋ ವ್ಯತ್ಯಾಸ ಅನ್ನಬಹುದಿತ್ತು, ಮುಟ್ಟು ಯಾಕೆ ನಿಂತಿದೆ ಅಂತ ಡಾಕ್ಟರಮ್ಮನನ್ನು ಕೇಳಬೇಕು, ಕೇಳೋಣ, ಅದು ಬೇರೆ, ಎದೆ ಭಾರ, ಒಗ್ಗರಣೆ, ಅದೆಲ್ಲ ನನ್ನ ಆಸೆ ಆಡಿದ ಆಟ. ಎಸೆಯಬೇಕು. ಒಲೆ ಇಲ್ಲೇ ಇದೆ, ಎರಡು ಗೇಣು, ಹಾಕಿದರೆ ಕರಗಿ ಹೋಗುತ್ತದೆ, ಆಮೇಲೆ ಬಾಗಿಲು ತೆಗೆದು, ಸಣ್ಣತಿಮ್ಮಯ್ಯ, ಮೂಲೆಯದೂ ಇಳಿಸು, ಅಂದರೆ ಮುಗಿಯಿತು, ಅತ್ತೆಗೆ ಅಷ್ಟೇ ಸಾಕು, ಅವರು ಇನ್ನೊಂದು ಮಾತು ಕೇಳುವುದಿಲ್ಲ. ಇಲ್ಲವಾದರೆ ಪಟದ ಹಿಂದೆ ಇಡಬಹುದು. ಒಂದು ಇರುವ ಕಡೆ ಎರಡು. ಯಾರೂ ಸುಳ್ಳು ಹೇಳಬೇಕಿಲ್ಲ, ಮಧ್ಯಾಹ್ನದ ಹೊತ್ತಿಗೆ ಒಣಗಿ ಅದೇ ಹೇಳುತ್ತದೆ, ಸಂಜೆ ಅತ್ತೆ ದೀಪಕ್ಕೆ ಎಣ್ಣೆ ಹಾಕುವಾಗ ನೋಡುತ್ತಾರೆ, ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಮೂಲೆಯ ಕಾಯಿ ಮೂಲೆಯಲ್ಲೇ ಇರುತ್ತದೆ, ಕೆಲವು ದಿನ, ಕೆಲವೇ ದಿನ — ಛೀ, ಏನಾಗಿದೆ ನನಗೆ, ಎಸೆ, ಕೈ ಒಲೆಯ ಬಾಯಿಗೆ ಹೋಗಿದೆ, ಬೆರಳು ಬಿಡುತ್ತಿಲ್ಲ, ಮಟ್ಟೆ ಚಟ್ಟನೆ ಸಿಡಿಯಿತು, ಉರಿಯ ಝಳ ಅಂಗೈಗೆ ಬರುತ್ತಿದೆ, ಪುಟ್ಟ ಕಿಟಕಿಯ ಒಳಗಿನ ಹೊಳಪು ಅಂಚಿನಿಂದ ಹಿಂಗುತ್ತ ಬರುತ್ತಿದೆ, ಒಣಗುತ್ತಿದೆ ಇದು, ನನ್ನ ಕೈಯಲ್ಲೇ, ಸಂಜೆಯವರೆಗೆ ಬೇಕಿಲ್ಲ ಇದಕ್ಕೆ, ಈ ಉರಿಗೆ ಈಗಲೇ — ಬಾಗಿಲ ಆಚೆ ಅತ್ತೆಯ ಬಳೆ, ಜೀವೀ, ನೀರು ಕಾದ್ವಾ ಮಗ — ಕಾದಿದೆ ಅತ್ತೆ, ಅನ್ನಬೇಕು, ಕಣ್ಣು ಅಲ್ಲಿಂದ ಏಳುತ್ತಿಲ್ಲ, ಒಂದು ಗೆರೆ, ಅದರ ಪಕ್ಕದಲ್ಲಿ ಬಿಳಿ, ಇನ್ನೂ ಬಿಳಿ, ಇನ್ನೂ