ಮೂರನೇ ಕರೆ

ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಪವಿತ್ರಳ ಫೋನಿಗೆ ನಡುಗದ ಗಂಡಸೇ ಇರಲಿಲ್ಲ. ಸರಿ, ಇದರಲ್ಲಿ ಅರ್ಧ ಸುಳ್ಳು. ನಡುಗುತ್ತಿದ್ದವರು ಹತ್ತೇ ಜನ. ಹನ್ನೊಂದನೆಯವನು ಚಿಕ್ಕಯ್ಯ, ಅವನು ಆನೆಗೇ ನಡುಗಿದವನಲ್ಲ.

ಹನ್ನೊಂದೂ ಜನ ಕುಡಿಯುವ ನೀರಿನ ಪಂಪ್‌ಹೌಸ್ ನೋಡಿಕೊಳ್ಳುವವರು. ಒಂದೊಂದಕ್ಕೆ ಒಬ್ಬೊಬ್ಬನೇ, ಮಾತಿಗೆ ಮೋಟಾರು, ಜೊತೆಗೆ ಹಲ್ಲಿ. ಹೋದ ವರ್ಷ ಪುಣಜನೂರಿನ ಕಡೆ ಒಬ್ಬ ಟ್ಯಾಂಕಿನ ಏಣಿಯಿಂದ ಬಿದ್ದು, ಕಾಲು ಮುರಿದುಕೊಂಡು, ಮಾರನೆಯ ಬೆಳಗಿನವರೆಗೂ ಅಲ್ಲೇ ನರಳಿದ್ದ. ಆಮೇಲೆ ಗುತ್ತಿಗೆದಾರ ಮೃತ್ಯುಂಜಯನಿಗೆ ಬುದ್ಧಿ ಬಂತು. ಯಾವ ಜಾಗದಲ್ಲಿ ಯಾವ ಅಪಾಯ, ಅದಕ್ಕೇನು ಉಪಾಯ ಎಂದು ಗೋಡೆಯಗಲದ ಪಟ್ಟಿ ಬರೆಸಿದ. ಎರಡು ಗಂಟೆಗೊಮ್ಮೆ ಅವನ ಆಫೀಸಿನ ಪವಿತ್ರ ಎಲ್ಲರಿಗೂ ಫೋನು ಮಾಡಬೇಕು. ಎರಡು ಸಲ ಮಾಡಿದರೂ ಎತ್ತದಿದ್ದರೆ ಡ್ರೈವರ್ ಮಲ್ಲೇಶನ ಜೀಪು ಹೊರಡಬೇಕು.

ಹಂಗಳದಾಚೆ ಕಾಡಂಚಿನಲ್ಲಿದ್ದ ಚಿಕ್ಕಯ್ಯ ಎರಡು ಸಲಕ್ಕೂ ಎತ್ತುತ್ತಿರಲಿಲ್ಲ. ಮೊದಲ ದಿನವೇ ಜೀಪು ಮೂರು ಸಲ ಓಡಿತು. ಮೂರು ಸಲವೂ ಅವನು ಬೀಡಿ ಸೇದುತ್ತ ಕೂತಿದ್ದ.

"ಯಾಕಣ್ಣ ಎತ್ತಲ್ಲ?" ಎಂದು ಪವಿತ್ರ ರೇಗಿದಳು.

"ಕಾಡಂಚಲ್ಲಿ ಕೂಗೋರೆಲ್ಲ ಮನುಸ್ರೇ ಅಂದ್ಕಂಡಿದ್ದೀಯ ಕಣಮ್ಮಿ? ಅದು ಎರಡು ಕಿತ ಕೂಗ್ತದೆ, ಮೂರನೇದು ಕೂಗಾಕಿಲ್ಲ. ನಮ್ಮವ್ವ ಯೋಳ್ಕೊಟ್ಟದ್ದು. ಓಗೊಟ್ಯೋ, ಓದೆ!"

"ಇದು ಫೋನು ಕಣಣ್ಣೋ!"

"ಫೋನಾದ್ರೇನು, ದನಿ ದನೀನೇಯ."

ಮೃತ್ಯುಂಜಯ ಹಣೆ ಚಚ್ಚಿಕೊಂಡು ಪಟ್ಟಿಯಲ್ಲಿ ಚಿಕ್ಕಯ್ಯನ ಸಾಲಿಗೆ ಮಾತ್ರ 'ಮೂರು ಕರೆ' ಎಂದು ತಿದ್ದಿಸಿದ.

ಆಷಾಢದ ಒಂದು ಮಧ್ಯಾಹ್ನ. ಗಾಳಿಗೆ ಜಿಟಿಮಳೆ ಅಡ್ಡಡ್ಡ ಬೀಳುತ್ತಿತ್ತು, ಗೋಪಾಲಸ್ವಾಮಿ ಬೆಟ್ಟವನ್ನು ಮಂಜು ನುಂಗಿತ್ತು. ಎರಡು ಗಂಟೆಗೆ ಪವಿತ್ರ ಚಿಕ್ಕಯ್ಯನಿಗೆ ಫೋನು ಮಾಡಿದಳು. ಮೊದಲ ರಿಂಗು ಮುಗಿಯುವ ಮೊದಲೇ ಅತ್ತ ಎತ್ತಿದರು.

"ಎಲ್ಲಾ ಸರಿಯಾಗದೆ ಕಣಮ್ಮಿ. ಯಾರೂ ಬರ್‍ಬ್ಯಾಡಿ."

ದನಿ ಚಿಕ್ಕಯ್ಯನದೇ. ಫೋನು ಕಟ್ಟಾಯಿತು. ಪವಿತ್ರ ಪಟ್ಟಿಯಲ್ಲಿ ಗುರುತು ಹಾಕಿದಳು. ಹಾಕಿದ ಮೇಲೆ ಪಟ್ಟಿಯನ್ನು ಮತ್ತೆ ಓದಿದಳು. ಉತ್ತರ ಬಾರದಿದ್ದರೆ ಏನು ಮಾಡಬೇಕೆಂದು ಪಟ್ಟಿಯಲ್ಲಿತ್ತು. ಬೇಗ ಬಂದರೆ ಏನು ಮಾಡಬೇಕೆಂದು ಇರಲಿಲ್ಲ.

"ಮಲ್ಲೇಶಣ್ಣ, ಜೀಪ್ ತೆಗಿ."

ಮಲ್ಲೇಶ ಮುದ್ದೆ ಮುರಿಯುತ್ತಿದ್ದ. "ಎತ್ತದಿದ್ರೂ ಜೀಪು, ಎತ್ತಿದ್ರೂ ಜೀಪಾ? ನಾನೇನು ಅವನ ಅಳಿಯನಾ?"

"ಮೊದಲ್ನೇ ಕರೆಗೇ ಎತ್ತವ್ನೆ ಕಣಣ್ಣ."

ಮಲ್ಲೇಶ ತುತ್ತು ಬಿಟ್ಟು ಎದ್ದ. ಪವಿತ್ರಳೂ ಜೀಪು ಹತ್ತಿದಳು.

ಪಂಪ್‌ಹೌಸಿನ ಬಾಗಿಲು ತೆರೆದಿತ್ತು, ಮೋಟಾರು ನಿಂತಿತ್ತು. ಊಟದ ಚೀಲ ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು.

"ಚಿಕ್ಕಯ್ಯಣ್ಣೋ!" ಪವಿತ್ರ ಕೂಗಿದಳು. ಮಂಜೇ ಕಿವಿಗೊಟ್ಟು ಕೇಳಿದಂತಾಯಿತು, ಉತ್ತರವಿಲ್ಲ. ಇನ್ನೊಮ್ಮೆ ಕೂಗಿದಳು. ಇಲ್ಲ.

"ಇಲ್ಲಿಲ್ಲ ಬುಡು, ಓಗನ. ಆನೆ ಬರೋ ಜಾಗ," ಎಂದ ಮಲ್ಲೇಶ.

ಪವಿತ್ರ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಮೂರನೇ ಸಲ ಕೂಗಿದಳು.

"ಓ...!" ಎಂದಿತು ನೆಲ.

ಕಟ್ಟಡದ ಹಿಂದೆ, ವಾಲ್ವಿನ ಗುಂಡಿ. ಏಣಿಯ ಮೆಟ್ಟಿಲು ಮುರಿದು ಚಿಕ್ಕಯ್ಯ ಒಳಗೆ ಬಿದ್ದಿದ್ದ. ಕಾಲು ಪೈಪಿನಡಿ ಸಿಕ್ಕಿಕೊಂಡಿತ್ತು. ಸೋರುವ ನೀರು ಏರುತ್ತ ಏರುತ್ತ ಗದ್ದದವರೆಗೆ ಬಂದಿತ್ತು. ಹಗ್ಗ ಇಳಿಬಿಟ್ಟು, ಮಲ್ಲೇಶನೇ ಕೆಳಗಿಳಿದು, ಪೈಪು ಮೀಟಿ ಅವನನ್ನು ಮೇಲೆಳೆಯುವಷ್ಟರಲ್ಲಿ ಇಬ್ಬರಿಗೂ ಏಳೇಳು ಜನ್ಮದ ಬೆವರು ಸುರಿಯಿತು.

"ಮುಳುಗ್ತಿದ್ರೂ ಎರಡು ಸಲ ಸುಮ್ನಿದ್ಯಲ್ಲಣ್ಣ!" ಪವಿತ್ರ ಅಳುತ್ತ ಬೈದಳು.

"ನಿನ್‌ಗಿಂತ ಮುಂಚೆ ಬಂದಿತ್ತು ಕಣಮ್ಮಿ," ಚಿಕ್ಕಯ್ಯನ ಹಲ್ಲು ಕಟಕಟ ಎನ್ನುತ್ತಿತ್ತು. "ನಿನ್ ದನೀಲೇ ಕೂಗ್ತು. ಎರಡು ಕಿತ. 'ಅಣ್ಣ, ಅಲ್ಲಿದ್ದೀಯ?' ಅಂತು. ನಾನು ಬಾಯ್ ಬುಡ್ನಿಲ್ಲ. ಎದ್ದು ಓಯ್ತು."

"ಮತ್ತೆ ಎರಡು ಗಂಟೆಗೆ ನನ್ ಜೊತೆ ಫೋನಲ್ಲಿ ಮಾತಾಡ್ದೆಯಲ್ಲ?"

"ಯಾವ ಫೋನು?"

ಮಲ್ಲೇಶ ಅಂಗೈ ಚಾಚಿದ. ಗುಂಡಿಯ ತಳದಲ್ಲಿ ಸಿಕ್ಕಿದ ಚಿಕ್ಕಯ್ಯನ ಫೋನು. ಎರಡು ಹೋಳು, ಹೊಟ್ಟೆ ತುಂಬ ಕೆಸರು.

"ಬೀಳೋವಾಗ್ಲೇ ಒಡೆದೋಯ್ತು. ನೀನು ಅನ್ನೆರಡಕ್ಕೆ ಮಾಡಿದ್ದೆಯಲ್ಲ, ಅದಾಗಿ ಅರ್ಧ ಗಂಟೇಗೆ ಬಿದ್ದೆ," ಎಂದ ಚಿಕ್ಕಯ್ಯ.

ಆಗ ಪವಿತ್ರಳ ಚೀಲದೊಳಗೆ ಫೋನು ಬಡಿದುಕೊಂಡಿತು. ತೆಗೆದು ನೋಡಿದಳು. ಚಿಕ್ಕಯ್ಯನ ಹೆಸರು. ಮೂವರೂ ಮಲ್ಲೇಶನ ಅಂಗೈ ನೋಡಿದರು. ಹೋಳುಗಳು ಅಲ್ಲೇ ಇದ್ದವು.

"ಮುಟ್‌ಬ್ಯಾಡ," ಎಂದು ಚಿಕ್ಕಯ್ಯ ಅವಳ ಮಣಿಕಟ್ಟು ಹಿಡಿದ.

ಬಡಿದು ಬಡಿದು ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಮಳೆಯಲ್ಲಿ ಮೂವರೂ ಅಲುಗದೆ ಕಾದರು. ಮೂರನೆಯದು ಬಂತೋ, ಬರಲಿಲ್ಲವೋ? ಕತೆ ಕೇಳುತ್ತ ಬಾಯಿ ಬಿಟ್ಟುಕೊಂಡು ಕೂತಿದ್ದೀಯಲ್ಲ, ನೀನೇ ಹೇಳು ನೋಡೋಣ.