ಭಂಡಾರ ಮುಟ್ಟಿದ ಕೈ

ಪಂಚಾಯ್ತಿ ಚುನಾವಣೆ ಬಂತೆಂದರೆ ಬಿಳಿಚೋಡು ಸೀಮೆಯಲ್ಲಿ ದೇವರಿಗೂ ಪುರುಸೊತ್ತಿಲ್ಲ. ಚುನಾವಣೆಗೆ ನಿಂತಿದ್ದ ವೆಂಕಟೇಶ್ ಎಲ್ಲಮ್ಮನ ಭಂಡಾರದ ತಟ್ಟೆ ಹಿಡಿದು ಮನೆಮನೆಗೆ ಬಂದ. ಭೀಮಕ್ಕನ ಕೈಯನ್ನೂ ಅರಿಶಿನದ ಮೇಲೆ ಇಡಿಸಿ, ಓಟು ತನಗೇ ಎಂದು ಆಣೆ ಮಾಡಿಸಿಕೊಂಡ.

"ತಪ್ಪಿದ್ರೆ ಅಮ್ಮ ಸುಮ್ನೆ ಬಿಡಲ್ಲ ನೋಡಕ್ಕಾ" ಎಂದು ಹೆದರಿಸಿಯೂ ಹೋದ.

ಅಂದಿನಿಂದ ಭೀಮಕ್ಕನಿಗೆ ಅದೇ ಚಿಂತೆ. ಅವಳ ಮನಸ್ಸಿದ್ದದ್ದು ವೆಂಕಟೇಶನ ಎದುರು ನಿಂತಿದ್ದ ಶಂಕ್ರಮ್ಮನ ಕಡೆ. ಕೇರಿಗೆ ಕುಡಿಯುವ ನೀರು ಬರಲೆಂದು ಜಗಳೂರಿನ ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವಳು ಶಂಕ್ರಮ್ಮ ಒಬ್ಬಳೇ. ಆದರೆ ಆಣೆ! ಮೊಮ್ಮಗಳು ಕೆಮ್ಮಿದರೂ ಭೀಮಕ್ಕನ ಎದೆ ಝಲ್ಲೆನ್ನುತ್ತಿತ್ತು. ಭಯದ ಜೊತೆಗೆ ಒಂದು ಕುತೂಹಲವೂ ಕೊರೆಯುತ್ತಿತ್ತು. ಮಹಿಳಾ ಸಂಘದ ಸಭೆಯಲ್ಲಿ ಅಂಗನವಾಡಿ ಟೀಚರ್ ಸುನೀತಾಳನ್ನು ಕೇಳಿಯೇಬಿಟ್ಟಳು.

"ಅಲ್ಲವ್ವಾ, ದೇವ್ರು ಯಾರ ಪಾರ್ಟಿ?"

ಸುನೀತಾ ನಕ್ಕಳು. "ಅಮ್ಮನ ಗುಡಿಗೆ ಯಾರ್ಯಾರು ಬರ್ತಾರೆ, ನೀನೇ ಹೇಳು."

"ವೆಂಕಟೇಶೂ ಬರ್ತಾನೆ, ಶಂಕ್ರಮ್ಮನೂ ಬರ್ತಾಳೆ."

"ಇಬ್ರನ್ನೂ ಕಾಯೋ ತಾಯಿ ಒಬ್ರ ಏಜೆಂಟ್ ಆಗ್ತಾಳಾ? ಗೆದ್ದೋರು ಗುಡಿಗೆ ಬರೋರಿಗೂ ನೀರು ಬಿಡ್ಬೇಕು, ಮಸೀದಿಗೆ ಹೋಗೋರಿಗೂ ಬಿಡ್ಬೇಕು. ದೇವ್ರ ಸಿಟ್ಟು ತೋರ್ಸಿ ಓಟು ಕೇಳೋದು ಕಾನೂನಿನ ಪ್ರಕಾರ ತಪ್ಪೈತೆ ಕಣಕ್ಕಾ. ನಿನ್ನ ಓಟು ಯಾರಿಗೆ ಅಂತ ಗಂಡಂಗೂ ಹೇಳಬೇಕಾಗಿಲ್ಲ."

"ಸರಿ, ಆಣೆ ಮುರಿದ ಪಾಪ?"

"ಅದು ನಂಗೂ ಗೊತ್ತಿಲ್ಲ. ಪೂಜಾರಪ್ಪನ್ನೇ ಕೇಳಾಣ, ನಡಿ."

ಪೂಜಾರಿ ಜುಂಜಪ್ಪ ಎಲ್ಲವನ್ನೂ ಕೇಳಿ ಗಡ್ಡ ಕೆರೆದುಕೊಂಡ.

"ಹೋದ ಸಲ ನಿಂತೋರೆಲ್ಲಾ ಇದೇ ಭಂಡಾರ ಒಯ್ದಿದ್ರು. ಊರೋರು ಎಲ್ರಿಗೂ ಆಣೆ ಮಾಡಿದ್ರು. ನಾನೂ ಮಾಡಿದ್ದೆ! ಓಟು ಮಾತ್ರ ಒಂದೇ ಅಲ್ವಾ? ಅಮ್ಮ ಅದಕ್ಕೆಲ್ಲಾ ಸಿಟ್ಟಾಗಿದ್ರೆ ಊರಾಗೆ ಯಾರು ಉಳೀತಿದ್ವಿ? ಹೆದರ್ಸಿ ಮಾಡ್ಸಿದ ಆಣೆ ಅಮ್ಮಂಗೆ ಮುಟ್ಟಲ್ಲ, ಹೋಗು ತಾಯಿ."

ಭೀಮಕ್ಕನಿಗೆ ನಗು ತಡೆಯಲಾಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮನೆಗೆ ಬಂದು ಗಂಡ ಗಿಡ್ಡಪ್ಪನಿಗೂ ಎಲ್ಲ ಹೇಳಿದಳು. ಅವನೂ ಅದೇ ತಟ್ಟೆ ಮುಟ್ಟಿ ಒಳಗೊಳಗೇ ಬೆವರುತ್ತಿದ್ದ!

ಮತದಾನದ ದಿನ ಅಮ್ಮನಿಗೆ ಕೈ ಮುಗಿದು, ಹಣೆಗೆ ಭಂಡಾರ ಹಚ್ಚಿಕೊಂಡೇ ಇಬ್ಬರೂ ಮತಗಟ್ಟೆಗೆ ಹೋದರು. ಹೊರಗೆ ಬಂದಾಗ ಗಿಡ್ಡಪ್ಪ ಮೆಲ್ಲಗೆ ಕೇಳಿದ, "ಯಾರಿಗೆ ಹಾಕ್ದೆ?"

"ಅದು ನಂಗೂ ಅಮ್ಮಂಗೂ ಗೊತ್ತು" ಎಂದಳು ಭೀಮಕ್ಕ. "ನೀನು ಸುಮ್ನೆ ನಡಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲಿಗೂ ಇಂಥ ತಟ್ಟೆ ಬಂದೀತು. ಆಣೆ ಮಾಡಬೇಡಿ. ಯಾರಾದರೂ ಹೆದರಿಸಿದರೆ ಚುನಾವಣಾಧಿಕಾರಿಗೆ ತಿಳಿಸಿ. ಭಂಡಾರ ಹಣೆಗಿರಲಿ, ಓಟು ನಿಮ್ಮ ಬುದ್ಧಿ ಹೇಳಿದವರಿಗೇ ಬೀಳಲಿ.