ಹಾಲಿಗೆ ಕೊಟ್ಟ ಕರೆಂಟು

ಜರೀನಾಬಿಗೆ ಸುಳ್ಳು ಹೇಳುವ ಚಟವಿರಲಿಲ್ಲ. ಅವಳ ಬಳಿ ಇದ್ದದ್ದು ಒಂದೇ ಸುಳ್ಳು. ಅದನ್ನೇ ವರ್ಷಗಟ್ಟಲೆ ಜತನದಿಂದ ಬಳಸುತ್ತಿದ್ದಳು.

ಗೋಕಾಕದ ಆ ಓಣಿಯಲ್ಲಿ ಅವಳ ಹಿತ್ತಿಲಿಗೂ ಜಿನ್ನವ್ವನ ಹಿತ್ತಿಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ. ಜಿನ್ನವ್ವ ಜೈನರಾಕೆ, ಉಳ್ಳಾಗಡ್ಡಿಯನ್ನೂ ಮುಟ್ಟದವಳು. ಅಂಥವಳು ಹರಟೆಗೆ ಬಂದು ಕೂತಾಗ ಫ್ರಿಜ್ಜು ತೆರೆಯಬೇಕಾಗಿ ಬಂದರೆ ಜರೀನಾಬಿ ಮೈ ಅಡ್ಡ ಹಿಡಿದು, "ಮ್ಯಾಲಿನ ಖಾನ್ಯಾಗ ಬಟಾಣಿ ಇಟ್ಟೇನ್ರಿ ಅಕ್ಕಾ" ಎನ್ನುತ್ತಿದ್ದಳು. ಯಾರೂ ಕೇಳದಿದ್ದರೂ ಎನ್ನುತ್ತಿದ್ದಳು.

ಬಟಾಣಿ ಎಂದರೆ ಖೀಮಾ. ಬಕ್ರೀದಿನ ಮಾಂಸ ಹಂಚಿ, ಮನೆಪಾಲಿಗೆ ಉಳಿದದ್ದನ್ನು ಸಣ್ಣಗೆ ಕೊಚ್ಚಿಸಿ, ಚೀಲಗಳಿಗೆ ತುಂಬಿ, ಗಾಳಿ ಹೊರದೂಡಿ, ಲಟ್ಟಣಿಗೆಯಿಂದ ತೆಳ್ಳಗೆ ಒತ್ತಿ ಒಂದರ ಮೇಲೊಂದು ಇಡುವುದು ಅವಳ ಪದ್ಧತಿ. ಬೇಗ ಗಟ್ಟಿಯಾಗುತ್ತದೆ, ಬೇಕಾದಷ್ಟನ್ನೇ ಮುರಿದುಕೊಳ್ಳಬಹುದು. "ಫ್ರಿಜ್ಜಿನ್ಯಾಗ ಫರಸಿಗಲ್ಲು ಹಾಸ್ಯಾಳ" ಎಂದು ಗಂಡ ಬಾಬಾಲಾಲ ನಗುತ್ತಿದ್ದ.

ಈ ಸಲದ ಖೀಮಾ ಮಗಳು ತಸ್ಲೀಮಳದು. ಕಲ್ಲೋಳಿಗೆ ಕೊಟ್ಟ ಮಗಳು ಈಗ ಬಸುರಿ, ನೀರು ಕುಡಿದರೂ ವಾಂತಿ. "ಅಮ್ಮೀ, ಬಕ್ರೀದಿನ ಖೀಮಾ ನೀ ಮಾಡಿ ಹಾಕಿದ್ರ ಹೊಟ್ಟ್ಯಾಗ ನಿಲ್ತೈತಿ ಅನಸ್ತೈತಿ" ಎಂದು ಫೋನಿನಲ್ಲಿ ಅತ್ತಿದ್ದಳು. ನಾಳೆ ಬರುವವಳಿದ್ದಳು.

ಇಂದು ಮಧ್ಯಾಹ್ನ ಕರೆಂಟು ಹೋಯಿತು. ಕಂಬದಲ್ಲಿ ಒಂದು ಫೇಸು ಸುಟ್ಟಿದೆ, ಸರಿಯಾಗುವುದು ನಾಳೆಗೇ ಎಂಬ ಸುದ್ದಿ ಬಂತು. ಜರೀನಾಬಿಯ ಮನೆಯಲ್ಲಿ ಎಲ್ಲ ಸ್ತಬ್ಧ; ಬೇರೆ ಫೇಸಿನ ಮೇಲಿದ್ದ ಜಿನ್ನವ್ವನ ಫ್ಯಾನು ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಿತ್ತು. ಪೇಟೆಯಿಂದ ಬೇರೆ ತಂದರಾಯಿತು ಎಂದ ಬಾಬಾಲಾಲ. ಕುರ್ಬಾನಿಯ ಪಾಲನ್ನು ಪೇಟೆಯಲ್ಲಿ ಯಾರು ಮಾರುತ್ತಾರೆಂದು ಅವಳು ಕೇಳಿದಳು.

ತಂಪು ಹೊರಗೆ ಹೋಗದಿರಲೆಂದು ಹಿತ್ತಿಲ ಬಾಗಿಲ ಬಳಿಯ ಫ್ರಿಜ್ಜಿಗೆ ಕೌದಿ ಹೊದಿಸುತ್ತಿದ್ದಾಗ ಗೋಡೆಯ ಆಚೆಯಿಂದ ಜಿನ್ನವ್ವ ಇಣುಕಿದಳು.

"ಏನವಾ ಜರೀನಾ, ಅದಕ್ಕೇನು ಥಂಡಿಜ್ವರ ಬಂದಾವೇನು?"

"ಕರೆಂಟ್ ಇಲ್ರಿ ಅಕ್ಕಾ. ಬಟಾಣಿ ಕೆಡತಾವಂತ..."

"ಹಂಗಾರ ಇತ್ತ ತಾ. ನನ್ನ ಫ್ರಿಜ್ಜಿನ್ಯಾಗ ಮಸ್ತ್ ಜಾಗಾ ಐತಿ."

ಜರೀನಾಬಿಯ ಕೈ ಕೌದಿಯ ಮೇಲೆಯೇ ನಿಂತಿತು. ಕಪ್ಪು ಚೀಲದಲ್ಲಿ ಸುತ್ತಿ ಕೊಟ್ಟರೆ ಜಿನ್ನವ್ವ ಬಿಚ್ಚಿ ನೋಡುವವಳಲ್ಲ. ಕಷ್ಟವಾದದ್ದೇ ಅದು.

"ಬ್ಯಾಡ್ರಿ ಅಕ್ಕಾ. ಅವು ಬಟಾಣಿ ಅಲ್ರಿ."

"ಗೊತ್ತೈತಿ ಬಿಡು. ಬಟಾಣಿ ಕುದಿಯೋ ವಾಸನೀಗೆ ಯಾವ ಬೆಕ್ಕು ಬಂದು ಗ್ವಾಡಿ ಮ್ಯಾಲ ಕೂಡತೈತಿ? ಕೊಟ್ಟೇ ಬಿಡತೀಯೇನು ಅಂತ ನೋಡಿದೆ." ಜಿನ್ನವ್ವ ದನಿ ತಗ್ಗಿಸಿದಳು. "ತಸ್ಲೀಮಗ ಇಟ್ಟೀಯೇನು?"

"ಹೂಂ ರಿ."

ಜಿನ್ನವ್ವ ಕೌದಿ ಹೊದ್ದ ಫ್ರಿಜ್ಜಿನತ್ತ ನೋಡಿದಳು. "ಫ್ರಿಜ್ಜಿನ್ಯಾಗ ಹಾಲು ಐತೇನು?"

ಒಮ್ಮೆ ಖರೆ ಹೇಳಿದ ಬಾಯಿ ನಿಲ್ಲಲಿಲ್ಲ. "ಇಲ್ರಿ. ಇವರು ಚಾ ಮಾಡಿಸಿ ಮಾಡಿಸಿ ಖಾಲಿ ಮಾಡ್ಯಾರ."

ಒಳಗೆ ಹೋದ ಜಿನ್ನವ್ವ ಹಾಲಿನ ಪಾಕೀಟು ಹಿಡಿದು ಬಂದಳು. ಹೆಗಲಲ್ಲಿ ಉದ್ದನೆಯ ವೈರಿನ ಸುರುಳಿ.

"ತಗೋ, ಈಗ ಹಾಲು ಐತಿ. ಹಾಲು ಕೆಡಬಾರದಂತ ಕರೆಂಟ್ ಕೊಡಾಕತ್ತೇನಿ. ಬಾಕೀದು ನನ್ನ ಮುಂದ ಹೇಳಬ್ಯಾಡ."

ವೈರು ಗೋಡೆ ದಾಟಿತು. ಫ್ರಿಜ್ಜು ಒಮ್ಮೆ ನಡುಗಿ ಗುಂಯ್ಗುಡತೊಡಗಿದಾಗ ಜರೀನಾಬಿ ಅದರ ಬೆನ್ನಿಗೆ ಕೈಯಿಟ್ಟು ನಿಂತೇ ಇದ್ದಳು. ಮುಖ ತಿರುಗಿಸಿದರೆ ಜಿನ್ನವ್ವನಿಗೆ ಅವಳ ಒದ್ದೆ ಕಣ್ಣು ಕಾಣುತ್ತಿತ್ತು.

ಮರುದಿನ ಸಂಜೆ ವೈರನ್ನು ಸುತ್ತಿ ಮರಳಿಸುವಾಗ ಬರಿಗೈಲಿ ಹೋಗಲು ಮನಸ್ಸು ಬರಲಿಲ್ಲ. ಪೇಟೆಯಿಂದ ನೇರವಾಗಿ, ತನ್ನ ಅಡಿಗೆಮನೆಯ ಗಾಳಿಯೂ ತಾಕದಂತೆ ತಂದ ಒಂದು ಪೊಟ್ಟಣವನ್ನು ಗೋಡೆಯ ಮೇಲಿಟ್ಟಳು.

"ಹಾಲು ಕೆಡಲಿಲ್ಲಲ್ಲ?" ಎಂದಳು ಜಿನ್ನವ್ವ.

"ಇಲ್ರಿ ಅಕ್ಕಾ. ತಸ್ಲೀಮ ಎರಡು ಸಲ ಬೇಡಿ ಹಾಕಿಸಿಕೊಂಡ್ಲು. ಹೊಟ್ಟ್ಯಾಗ ನಿಂತೈತಿ. ನಿದ್ದಿ ಹತ್ತೇತಿ ಈಗ."

ಜಿನ್ನವ್ವ ಆಕಾಶ ನೋಡಿ ಕೈಮುಗಿದಳು, ಹಾಲಿಗಾಗಿಯೇ ಇರಬೇಕು. ಆಮೇಲೆ ಪೊಟ್ಟಣ ಬಿಚ್ಚಿದಳು.

"ಖರೇ ಬಟಾಣಿ ಏನಿವು?"

"ಖರೇ ರಿ ಅಕ್ಕಾ, ಇವು ಖರೇ."